ಅಟ್ಟದ ಮೇಲಿನ ಬೈರಿಗೆ

ಕೊರೆಯುವುದು ನನ್ನ ವೃತ್ತಿ. ಇದು ನಾನಾಗಿ ಹೇಳಿಕೊಳ್ಳುವ ಮಾತಲ್ಲ. ನನ್ನ ವಿದ್ಯಾರ್ಥಿಗಳು ದಯಪಾಲಿಸಿದ ಬಿರುದು. "ಇವತ್ತು ಮೇಷ್ಟ್ರು ಸಿಕ್ಕಾಪಟ್ಟೆ ಕೊರೆದ್ರು ಕಣೋ" ಎಂದು ಒಬ್ಬ ಹುಡುಗ ಇನ್ನೊಬ್ಬನಿಗೆ ಹೇಳುತ್ತಿದ್ದುದನ್ನು ಗೋಡೆಯ ಈಚೆಗಿದ್ದ ನಾನು ಕಿವಿಯಾರೆ ಕೇಳಿದ್ದೇನೆ. ಮಧ್ಯಾಹ್ನದ ಊಟವಾದ ಮೇಲೆ ಹಳಗನ್ನಡ ವ್ಯಾಕರಣ ಪಾಠ ಮಾಡುವವನು ಇಂಥದಕ್ಕೆಲ್ಲ ಸಿದ್ಧನಾಗಿಯೇ ಇರಬೇಕು. ಮೇಲಾಗಿ ನಮ್ಮ ಸೀಮೆಯಲ್ಲಿ ಕೊರೆತಕ್ಕೆ ಮರ್ಯಾದೆಯುಂಟು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳಲ್ಲಿ ನೂರಾರು ಅಡಿ ನೆಲ ಕೊರೆಸಿ ಕೊಳವೆಬಾವಿಯ ಆಸೆ ಪಡದ ರೈತ ಅಪರೂಪ. ಕೊರೆಸಿದವರಿಗೆಲ್ಲ ನೀರು ಸಿಕ್ಕಿತೆಂದಲ್ಲ. ನನ್ನ ಪಾಠದ ಗತಿಯೂ ಹೆಚ್ಚುಕಡಿಮೆ ಅದೇ.

ಆದರೆ ಗೋಡೆಗೋ ಹಲಗೆಗೋ ಒಂದು ತೂತು ಕೊರೆ ಎಂದರೆ ಮಾತ್ರ ನನ್ನ ಕೈ ನಡುಗುತ್ತದೆ. ಇದು ನಾಚಿಕೆಯ ಸಂಗತಿ, ಏಕೆಂದರೆ ನಾನು ಬಡಗಿಯ ಮಗ. ಕೊರಟಗೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಮ್ಮ ತಂದೆ ನೇಗಿಲು, ಕುಂಟೆ, ಬಾಗಿಲು, ತೊಟ್ಟಿಲುಗಳನ್ನು ಮಾಡಿ ನಮ್ಮನ್ನು ಸಾಕಿದವರು. ಉಳಿ, ಬಾಚಿ, ಗರಗಸ, ರಸಮಟ್ಟಗಳ ಜೊತೆಗೆ ಅವರ ಪೆಟ್ಟಿಗೆಯಲ್ಲಿ ಒಂದು ಬೈರಿಗೆ ಇತ್ತು. ಈಗಿನ ಹುಡುಗರಿಗೆ ಈ ಶಬ್ದಕ್ಕೇ ಅರ್ಥ ಹೇಳಬೇಕಾಗಿದೆ. ತುದಿಯಲ್ಲಿ ಕಬ್ಬಿಣದ ಮೊನೆಯಿರುವ ಒಂದು ಮರದ ಕದಿರು. ಅದಕ್ಕೆ ಸುತ್ತು ಹಾಕಿದ ದಾರ. ದಾರವನ್ನು ಬಿಗಿದ ಒಂದು ಬಿಲ್ಲು. ಒಂದು ಕೈಯಿಂದ ಮೇಲೆ ಅದುಮಿ, ಇನ್ನೊಂದು ಕೈಯಿಂದ ಬಿಲ್ಲನ್ನು ಹಿಂದಕ್ಕೂ ಮುಂದಕ್ಕೂ ಎಳೆದರೆ ಮೊನೆ ಗಿರಗಿರನೆ ತಿರುಗಿ ಮರವನ್ನು ಕೊರೆಯುತ್ತದೆ. ಹಲಗೆ ಅಲುಗದಂತೆ ಕಾಲಿನಿಂದ ಮೆಟ್ಟಿ ಹಿಡಿಯುವುದು ಬಾಲ್ಯದಲ್ಲಿ ನನ್ನ ಕೆಲಸ. ಹೊನ್ನೆಯ ಪುಡಿ ಪಾದದ ಮೇಲೆ ಉದುರುತ್ತಿದ್ದ ಬಿಸಿ ಈಗಲೂ ನೆನಪಿದೆ. ಪ್ರತಿವರ್ಷ ಆಯುಧಪೂಜೆಯ ಹಿಂದಿನ ದಿನ ಅಪ್ಪ ಸವೆದ ದಾರವನ್ನು ಬಿಚ್ಚಿ ಹೊಸದನ್ನು ಕಟ್ಟುತ್ತಿದ್ದರು.

ಅಮ್ಮ ತೀರಿಕೊಂಡ ಮೇಲೆ ಅಪ್ಪನನ್ನು ಮಧುಗಿರಿಗೆ ಕರೆದುಕೊಂಡು ಬಂದೆ. ಪೆಟ್ಟಿಗೆಯೂ ಬಂದು ಮಂಚದ ಕೆಳಗೆ ಸೇರಿತು. ಸಿಮೆಂಟಿನ ಮನೆಯಲ್ಲಿ ಬೈರಿಗೆಗೆ ಏನು ಕೆಲಸ? ಆ ವರ್ಷದ ಆಯುಧಪೂಜೆಗೆ ನಾನೊಂದು ತಂತಿಯಿಲ್ಲದ ಡ್ರಿಲ್ಲಿಂಗ್ ಯಂತ್ರ ತಂದುಕೊಟ್ಟೆ. ನೋಡಲು ಪಿಸ್ತೂಲಿನಂತೆ, ಹಿಡಿಯ ಬುಡದಲ್ಲಿ ಬ್ಯಾಟರಿ. ಅಪ್ಪ ಅದನ್ನು ಎರಡೂ ಕೈಯಲ್ಲಿ ತಿರುಗಿಸಿ ನೋಡಿ, "ದಾರ ಎಲ್ಲೋ?" ಎಂದರು. "ದಾರ ಇಲ್ಲಪ್ಪ, ಒಳಗೆ ಬ್ಯಾಟರಿ ಐತೆ" ಎಂದೆ. ವಾರದೊಳಗೆ ಅವರು ಅದನ್ನು ಒಲಿಸಿಕೊಂಡರು. ಬೀದಿಯವರ ಬಾಗಿಲ ಚಿಲಕ, ಬಟ್ಟೆಯ ಗೂಟ, ದೇವರ ಪಟ ಎಲ್ಲಕ್ಕೂ ನಮ್ಮ ಮನೆಗೇ ಕರೆ ಬರತೊಡಗಿತು. "ಆಚಾರ್ರು ಇದ್ದಾರಾ?" ಎಂದು ಬಾಗಿಲಲ್ಲಿ ಯಾರಾದರೂ ಕೂಗಿದರೆ ಅಪ್ಪನ ಬೆನ್ನು ಒಂದಂಗುಲ ನೆಟ್ಟಗಾಗುತ್ತಿತ್ತು. ಆ ಮನೆಯಲ್ಲಿ ಇನ್ನೊಬ್ಬರು, ಎಂ.ಎ. ಪದವೀಧರರು, ಇದ್ದಾರೆಂಬುದನ್ನು ಬೀದಿ ಮರೆತೇಬಿಟ್ಟಿತು.

ಹೀಗಿರಲು ಒಂದು ದಿನ ಪರದೆಯ ಸರಳು ಕೂರಿಸುತ್ತಿದ್ದಾಗ ಅಪ್ಪ ಸ್ಟೂಲಿನಿಂದ ಜಾರಿದರು. ದೇವರ ದಯೆ, ಮೂಳೆ ಮುರಿಯಲಿಲ್ಲ. ಮಣಿಕಟ್ಟು ಊದಿತು, ಅಷ್ಟೆ. ಆದರೆ ನನಗೆ ಗಾಬರಿಯಾಯಿತು. ಗಾಬರಿಯೊಂದೇ ಎಂದರೆ ಸುಳ್ಳಾದೀತು. ಎಪ್ಪತ್ತೆಂಟು ವರ್ಷದ ತಂದೆಯನ್ನು ಅಟ್ಟಣಿಗೆ ಹತ್ತಿಸುವ ಮಗನೆಂದು ನಾಲ್ಕು ಜನ ಆಡಿಕೊಂಡಾರೆಂಬ ಅಳುಕೂ ಇತ್ತು. "ಸಾಕಪ್ಪ, ಇನ್ನು ಆರಾಮಾಗಿರು" ಎಂದು ಹೇಳಿ, ಯಂತ್ರವನ್ನು ಇದ್ದ ಸ್ಥಿತಿಯಲ್ಲೇ ಒಯ್ದು ಅಟ್ಟದ ಮೇಲಿಟ್ಟೆ. ಅಪ್ಪ ಮರುಮಾತಾಡಲಿಲ್ಲ. ಜಗಲಿಯ ಕುರ್ಚಿಯಲ್ಲಿ ಕುಳಿತು ಆರಾಮಾಗಿದ್ದರು. ಅನ್ನ ಸ್ವಲ್ಪ ಕಡಿಮೆಯಾಯಿತು, ಮಾತು ಇನ್ನೂ ಕಡಿಮೆಯಾಯಿತು. ವಯಸ್ಸು, ಎಂದುಕೊಂಡೆ.

ಒಂದೂವರೆ ವರ್ಷ ಕಳೆಯಿತು. ಮೊನ್ನೆ ಮಗಳ ಪುಸ್ತಕಗಳಿಗೆ ಗೋಡೆಗೊಂದು ಕಪಾಟು ಬೇಕಾಯಿತು. ಅಟ್ಟ ಹತ್ತಿ, ಧೂಳು ಕೊಡವಿ, ಯಂತ್ರದ ಕುದುರೆ ಎಳೆದೆ. ಸದ್ದಿಲ್ಲ. ಚಾರ್ಜರಿಗೆ ಹಾಕಿದರೆ ಕೆಂಪು ದೀಪ ಕಣ್ಣು ಮಿಟುಕಿಸಿತು. ರಾತ್ರಿಯೆಲ್ಲ ಇಟ್ಟರೂ ಬೆಳಗ್ಗೆ ಅದೇ ಮಿಟುಕು. ತುಮಕೂರಿನ ಅಂಗಡಿಯೊಂದನ್ನು ವಿಚಾರಿಸಿದೆ. ಹೊಸ ಬ್ಯಾಟರಿಯೊಂದಕ್ಕೆ 2,800 ರೂಪಾಯಿ. ಎರಡು ಬ್ಯಾಟರಿ, ಚಾರ್ಜರು, ಪೆಟ್ಟಿಗೆ ಸಮೇತ ಹೊಸ ಯಂತ್ರವೇ 4,500. ಬೇರೆ ಕಂಪನಿಯ ಅಗ್ಗದ ಬ್ಯಾಟರಿ ಆದೀತೆ ಎಂದರೆ, ಇಲ್ಲ. ಒಳಗಿನ ಜೀವ ಒಂದೇ ಆದರೂ ಹೊರಗಿನ ಕಚ್ಚು ಬೇರೆ ಬೇರೆ. "ಹೊಸದೇ ತಗೊಂಬಿಡಿ ಸಾರ್, ಯಾಕೆ ತಲೆನೋವು?" ಎಂದರು ಅಂಗಡಿಯವರು. ನನಗೂ ಅದೇ ಸರಿಯೆನಿಸಿತು.

ಜಗಲಿಯಿಂದ ಅಪ್ಪ ಕೇಳಿದರು: "ಏನಾಗೈತಂತೆ ಅದಕ್ಕೆ?"

"ಬ್ಯಾಟರಿ ಸತ್ತೋಗೈತಂತಪ್ಪ. ಹೊಸದೇ ತರೋಣ."

"ದಾರ ಹರಿದ್ರೆ ಬೈರಿಗೇನೇ ಬಿಸಾಕ್ತಾರೇನೋ?"

ಎಷ್ಟೋ ದಿನಗಳಲ್ಲಿ ಅಪ್ಪ ಆಡಿದ ಅತ್ಯಂತ ಉದ್ದದ ಮಾತು ಇದು. ಕೇಂದ್ರ ಸರ್ಕಾರ 2022ರಲ್ಲಿ 'ರಿಪೇರಿಯ ಹಕ್ಕು' ಎಂದು ಒಂದು ಜಾಲತಾಣವನ್ನೇ ತೆರೆದಿದೆ. ಅಪ್ಪ ಅದನ್ನು ನೋಡಿದವರಲ್ಲ. ಹಕ್ಕು ಮಾತ್ರ ಅವರಿಗೆ ಮೊದಲಿನಿಂದಲೂ ಗೊತ್ತಿತ್ತು.

ನಮ್ಮ ಕಾಲೇಜಿಗೆ ಶಿರಾದಿಂದ ದಿನಾ ಬಸ್ಸಿನಲ್ಲಿ ಬರುವ ಮಿತ್ರರೊಬ್ಬರಿದ್ದಾರೆ. ಅವರ ಊರಿನಲ್ಲಿ ಕೊಳವೆಬಾವಿಯ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿಯವರೊಬ್ಬರು ಈಚೆಗೆ ಬ್ಯಾಟರಿ ಕೆಲಸವನ್ನೂ ಮಾಡುತ್ತಾರೆಂದು ತಿಳಿಯಿತು. ಭಾನುವಾರ ನಾನು ಚೀಲ ಹಿಡಿದು ಹೊರಡುವ ಹೊತ್ತಿಗೆ ಅಪ್ಪ ಬಿಳಿಯ ಅಂಗಿ ತೊಟ್ಟು ಬಾಗಿಲಲ್ಲಿ ನಿಂತಿದ್ದರು. ಬೇಡವೆನ್ನಲು ಬಾಯಿ ಬರಲಿಲ್ಲ.

ಅಂಗಡಿಯವರು ಐವತ್ತು ದಾಟಿದವರು. ನನಗೆ "ಬನ್ನಿ ಸಾರ್" ಎಂದು ಹೇಳಿ, ಅಪ್ಪನ ಬೆರಳುಗಳನ್ನು ಒಮ್ಮೆ ನೋಡಿ, "ಕೂತ್ಕಳಿ ಯಜಮಾನ್ರೆ" ಎಂದು ತಮ್ಮ ಸ್ಟೂಲನ್ನೇ ಕೊಟ್ಟರು. ಬ್ಯಾಟರಿಯ ಚಿಪ್ಪು ತೆಗೆದರೆ ಒಳಗೆ ದಪ್ಪ ಬೀಡಿಕಟ್ಟಿನಂಥ ಐದು ಸೆಲ್ಲುಗಳು. ಅವುಗಳ ಹೆಸರು 18650. ಇದೇನು ಗೂಢಲಿಪಿಯೆಂದುಕೊಂಡೆ, ಹದಿನೆಂಟು ಮಿಲಿಮೀಟರ್ ದಪ್ಪ, ಅರವತ್ತೈದು ಮಿಲಿಮೀಟರ್ ಉದ್ದ, ಕೊನೆಯ ಸೊನ್ನೆ ದುಂಡಗಿದೆ ಎನ್ನುವುದಕ್ಕೆ, ಅಷ್ಟೆ. ಒಂದೊಂದರ ಬಲ 3.6 ವೋಲ್ಟ್; ಐದು ಸೇರಿದರೆ 18. ಹಾಗಾದರೆ ಪೆಟ್ಟಿಗೆಯ ಮೇಲೆ 21 ಎಂದು ದೊಡ್ಡಕ್ಷರದಲ್ಲಿತ್ತಲ್ಲ? "ಪೂರ್ತಿ ತುಂಬಿದಾಗ ಒಂದೊಂದು 4.2 ತೋರಿಸುತ್ತೆ ಸಾರ್. ಅದನ್ನೇ ಐದರಿಂದ ಗುಣಿಸಿ ಬರೀತಾರೆ. ಕೆಲಸಕ್ಕೆ ಇಳಿದ್ರೆ ಹದಿನೆಂಟೇ." ಅತಿಶಯೋಕ್ತಿ ಅಲಂಕಾರವು ಕಾವ್ಯದಲ್ಲಿ ಮಾತ್ರ ಇರುತ್ತದೆಂದು ಇಷ್ಟು ವರ್ಷ ಪಾಠ ಹೇಳಿದವನು ನಾನು.

ಅವರು ಮೀಟರಿನ ಎರಡು ಕಡ್ಡಿಗಳನ್ನು ಒಂದೊಂದು ಸೆಲ್ಲಿಗೂ ಮುಟ್ಟಿಸಿದರು. ನಾಲ್ಕು ಸೊರಗಿದ್ದವು; ಐದನೆಯದರಲ್ಲಿ ಒಂದು ವೋಲ್ಟೂ ಉಳಿದಿರಲಿಲ್ಲ. "ಸಾಲಾಗಿ ಕಟ್ಟಿರೋದಲ್ವಾ? ಒಬ್ಬ ಮಲಗಿದ್ರೆ ಐದು ಜನಾನೂ ಮಲಗಿದ ಹಾಗೆ. ಇಷ್ಟು ಕೆಳಗೆ ಹೋದ ಸೆಲ್ಲಿಗೆ ಬಲವಂತವಾಗಿ ಕರೆಂಟ್ ಕೊಟ್ರೆ ಬಿಸಿಯಾಗಿ ಬೆಂಕೀನೂ ಹತ್ತಬಹುದು. ಅದಕ್ಕೇ ಚಾರ್ಜರ್ ಒಲ್ಲೆ ಅಂತಿದೆ. ಅದು ಕೆಟ್ಟಿಲ್ಲ ಸಾರ್, ಬುದ್ಧಿವಂತ ಅದು."

"ಆ ಒಂದನ್ನ ಮಾತ್ರ ಬದಲಾಯಿಸಿದರೆ ಸಾಲದೆ?" ಎಂದೆ, ಮಧ್ಯಮ ವರ್ಗದ ಲೆಕ್ಕಾಚಾರದಿಂದ.

ಉತ್ತರ ಕೊಟ್ಟವರು ಅಪ್ಪ. "ಮುದಿ ಎತ್ತಿಗೂ ಹೋರಿಗೂ ಒಂದೇ ನೊಗ ಕಟ್ಟಿದ್ರೆ ಬಂಡಿ ಹೋಗ್ತೈತೇನೋ?"

"ಹಾಗೆ ಹೇಳಿ ಯಜಮಾನ್ರೆ!" ಎಂದು ಅಂಗಡಿಯವರು ನಕ್ಕರು. ಅಲ್ಲಿಂದ ಮುಂದೆ ಮಾತೆಲ್ಲ ಅವರಿಬ್ಬರದೇ. ಸೆಲ್ಲುಗಳನ್ನು ಜೋಡಿಸಲು ಸೀಸದ ಬೆಸುಗೆ ಹಾಕುವುದಿಲ್ಲ, ಆ ಬಿಸಿ ಒಳಗಿನ ವಸ್ತುವನ್ನು ಕೆಡಿಸುತ್ತದೆ. ನಿಕ್ಕಲಿನ ತೆಳು ಪಟ್ಟಿಯಿಟ್ಟು, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಒಂದು ಕಿಡಿ ಹಾರಿಸಿ ಅಂಟಿಸುತ್ತಾರೆ. ಚಟ್, ಚಟ್ ಎಂದು ಕಿಡಿ ಹಾರಿದಾಗಲೆಲ್ಲ ಅಪ್ಪ ಮುಂದೆ ಬಾಗಿ ನೋಡುತ್ತಿದ್ದರು. ಹಳೆಯ ಸೆಲ್ಲುಗಳು ಮರಳು ತುಂಬಿದ ಡಬ್ಬಿಗೆ ಹೋದವು. ಅವನ್ನು ಕಸದ ಬುಟ್ಟಿಗೆ ಹಾಕಬಾರದು. ಬ್ಯಾಟರಿ ಮಾಡಿದವರೇ ಹಳೆಯದನ್ನು ಹಿಂದಕ್ಕೆ ಪಡೆಯುವ ಹೊಣೆ ಹೊರಬೇಕೆಂದು 2022ರ ಬ್ಯಾಟರಿ ತ್ಯಾಜ್ಯ ನಿಯಮಗಳೇ ಹೇಳುತ್ತವೆ.

ಕೊನೆಗೆ ಅವರು ನನ್ನತ್ತ ತಿರುಗಿದರು. "ಎಷ್ಟು ದಿವಸದಿಂದ ಬಳಸಿರಲಿಲ್ಲ?"

"ಒಂದೂವರೆ ವರ್ಷ."

"ಎಲ್ಲಿಟ್ಟಿದ್ರಿ?"

"ಅಟ್ಟದ ಮೇಲೆ."

"ಅಷ್ಟೇ ಸಾರ್. ಇದು ಬಳಸಿ ಕೆಟ್ಟಿದ್ದಲ್ಲ. ಇಟ್ಟು ಕೆಟ್ಟಿದ್ದು." ಬರಿದಾದ ಬ್ಯಾಟರಿ ಸುಮ್ಮನಿದ್ದರೂ ಒಳಗೊಳಗೇ ಸೋರುತ್ತದೆ, ಕಾವಣಿಯ ಬಿಸಿ ಸೇರಿದರೆ ಇನ್ನೂ ಬೇಗ ಮುಪ್ಪಾಗುತ್ತದೆ, ಅರ್ಧ ತುಂಬಿ, ತಂಪಾದ ಕಡೆ ಇಡಬೇಕು, ಎರಡು ತಿಂಗಳಿಗೊಮ್ಮೆಯಾದರೂ ಹೊರಗೆ ತೆಗೆದು ಕೆಲಸ ಕೊಡಬೇಕು. ಅವರು ಹೇಳುತ್ತಲೇ ಇದ್ದರು. ನಾನು ಅಪ್ಪನ ಮುಖ ನೋಡಲಾರದೆ ಬಾಗಿಲಾಚೆ ಬೀದಿಯನ್ನು ನೋಡುತ್ತಿದ್ದೆ. ಅಪ್ಪ ನನಗಾಗಿ ಏನೂ ಹೇಳಲಿಲ್ಲ. ಯಂತ್ರದ ಕುದುರೆ ಎಳೆದರು. ಗುರ್ರ್ ಎಂದಿತು. ಕೂಲಿ, ಸಾಮಾನು ಎಲ್ಲ ಸೇರಿ 1,100 ರೂಪಾಯಿ.

ಮನೆಗೆ ಬಂದ ಮೇಲೆ, ಮೇಷ್ಟ್ರುಗಳ ಚಾಳಿಯಂತೆ, ಪುಸ್ತಕ ತಿರುವಿದೆ. ಅಮೆರಿಕದ ಬ್ಲ್ಯಾಕ್ ಅಂಡ್ ಡೆಕ್ಕರ್ ಕಂಪನಿ ತಂತಿಯಿಲ್ಲದ ಡ್ರಿಲ್ಲನ್ನು ಮೊದಲು ತಂದದ್ದು 1961ರಲ್ಲಿ, ನಿಕ್ಕಲ್ ಕ್ಯಾಡ್ಮಿಯಂ ಬ್ಯಾಟರಿಯೊಂದಿಗೆ. ಲಿಥಿಯಂ ಅಯಾನ್ ಬ್ಯಾಟರಿಯನ್ನು ಸೋನಿ ಕಂಪನಿ 1991ರಲ್ಲಿ ಮಾರುಕಟ್ಟೆಗೆ ತಂದಿತು. ಅದಕ್ಕೆ ಅಡಿಪಾಯ ಹಾಕಿದ ಮೂವರಿಗೆ 2019ರಲ್ಲಿ ನೊಬೆಲ್ ಬಹುಮಾನ ಬಂತು. ಮೂವರಲ್ಲಿ ಹಿರಿಯರಾದ ಜಾನ್ ಗುಡ್‌ಇನಫ್ ಅವರಿಗೆ ಆಗ ತೊಂಬತ್ತೇಳು ವರ್ಷ. ಆ ವಯಸ್ಸಿನಲ್ಲೂ ಅವರು ಸಂಶೋಧನೆಯನ್ನು ಬಿಟ್ಟಿರಲಿಲ್ಲ. ನೂರು ತುಂಬಿದ ಮೇಲೆ, 2023ರಲ್ಲಿ ತೀರಿಕೊಂಡರು. ಅವರ ಸುತ್ತಮುತ್ತ ನನ್ನಂಥ ಜಾಣ ಯಾರೂ ಇರಲಿಲ್ಲವೆಂದು ತೋರುತ್ತದೆ.

ಮರುವಾರ ನನ್ನಾಕೆಯ ತವರಾದ ಪಾವಗಡಕ್ಕೆ ಹೋಗುವುದಿತ್ತು. ಈ ಸಲ ಅಪ್ಪನೂ ಬಂದರು. ಭಾವಮೈದುನ ನಮ್ಮನ್ನು ತಿರುಮಣಿಯ ಕಡೆಯ ಸೌರ ವಿದ್ಯುತ್ ಪಾರ್ಕು ತೋರಿಸಲು ಕರೆದೊಯ್ದ. ಐದು ಹಳ್ಳಿಗಳ ಸುಮಾರು ಹದಿಮೂರು ಸಾವಿರ ಎಕರೆ; 2018ರಲ್ಲಿ ಉದ್ಘಾಟನೆಯಾಗಿ, 2019ರ ಕೊನೆಗೆ 2,050 ಮೆಗಾವಾಟ್ ಸಾಮರ್ಥ್ಯ ಮುಟ್ಟಿತು. ಕಣ್ಣು ಹಾಯುವಷ್ಟು ದೂರ ನೀಲಿ ಹಲಗೆಗಳು ಕೆರೆಯ ನೀರಿನಂತೆ ಹೊಳೆಯುತ್ತಿದ್ದವು. ನೀರು ಕಾಣದ ಸೀಮೆಗೆ ದೇವರು ಕೊಟ್ಟದ್ದು ಬಿಸಿಲೊಂದನ್ನೇ. ಅದಕ್ಕೂ ಕೊನೆಗೆ ಬೆಲೆ ಬಂತಲ್ಲ ಎಂದು ನನಗೆ ಸಂತೋಷವಾಯಿತು.

"ಹೊತ್ತು ಮುಳುಗಿದ ಮೇಲೆ?" ಎಂದರು ಅಪ್ಪ.

"ಆಮೇಲೆ ಕರೆಂಟ್ ಇಲ್ಲ ಮಾವ."

"ಹಂಗಾದ್ರೆ ಇದಕ್ಕೂ ಬ್ಯಾಟರಿ ಬೇಕು" ಎಂದು ಅಪ್ಪ ತೀರ್ಪು ಕೊಟ್ಟರು. ಈ ಮಾತನ್ನೇ ದೊಡ್ಡ ದೊಡ್ಡ ತಜ್ಞರೂ ಹೇಳುತ್ತಾರೆಂಬುದು ಅವರಿಗೆ ತಿಳಿಯದು.

ಅಲ್ಲಿ ಭೂಮಿಯನ್ನು ಕೊಂಡಿಲ್ಲ; ರೈತರಿಂದ ಗುತ್ತಿಗೆಗೆ ಪಡೆದಿದ್ದಾರೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯೆಂದು ಆರಂಭವಾದ ಬಾಡಿಗೆ ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಂತೆ ಏರುತ್ತದೆ. ದಾರಿಯಲ್ಲಿ ಸಿಕ್ಕ ಒಬ್ಬ ಮುದುಕರು, ನಾಲ್ಕು ಎಕರೆ ಕೊಟ್ಟವರು, ಅಪ್ಪನ ಪಕ್ಕ ಕಲ್ಲಿನ ಮೇಲೆ ಕುಳಿತು ಎಲೆಯಡಿಕೆ ಹಂಚಿಕೊಂಡರು. "ದುಡ್ಡು ಬರ್ತೈತೆ, ಇಲ್ಲ ಅನ್ನಲ್ಲ. ಕಡಲೆಕಾಯಿ ಬೆಳೆದು ಅಷ್ಟು ಕಂಡಿರಲಿಲ್ಲ. ಆದ್ರೆ ಬೆಳಗಾಗೆದ್ದು ಎಲ್ಲಿಗೆ ಹೋಗಬೇಕು ಅಂತ್ಲೇ ಗೊತ್ತಾಗಲ್ಲ" ಎಂದರು. ಅಪ್ಪ "ಹೂಂ" ಎಂದರು. ಒಂದೇ ಒಂದು "ಹೂಂ". ನನ್ನತ್ತ ತಿರುಗಿಯೂ ನೋಡಲಿಲ್ಲ. ಆದರೂ ಆ ಹೂಂಕಾರ ನನ್ನನ್ನು ಕೊರೆದಷ್ಟು ಆಳಕ್ಕೆ ಯಾವ ವಿದ್ಯಾರ್ಥಿಯನ್ನೂ ನಾನು ಕೊರೆದಿರಲಾರೆ.

ಕಪಾಟಿನ ಕೆಲಸ ಮೊನ್ನೆ ಭಾನುವಾರ ನಡೆಯಿತು. ಸ್ಟೂಲಿನ ವಿಷಯದಲ್ಲಿ ಒಂದು ಒಪ್ಪಂದವಾಗಿದೆ: ಎರಡು ಮೆಟ್ಟಿಲಿಗಿಂತ ಮೇಲಿನ ಕೆಲಸ ನನ್ನದು, ಕೆಳಗಿನದು ಅಪ್ಪನದು. ರಸಮಟ್ಟವಿಟ್ಟು ಗುರುತು ಹಾಕಿದವರು ಅವರು. ಇಟ್ಟಿಗೆಯ ಗೋಡೆಗಾದರೆ ಯಂತ್ರದ ಬಳೆಯನ್ನು ಸುತ್ತಿಗೆಯ ಚಿತ್ರದ ಕಡೆಗೆ ತಿರುಗಿಸಬೇಕೆಂದು ಹೇಳಿಕೊಟ್ಟವರೂ ಅವರೇ. "ಅದುಮಬೇಡ, ಅದರ ಪಾಡಿಗೆ ಅದು ಹೋಗ್ಲಿ" ಎಂದು ಕೆಳಗಿನಿಂದ ಗದರುತ್ತಿದ್ದರು. ಮಗಳು ಸ್ಟೂಲು ಅಲುಗದಂತೆ ಕಾಲಿನಿಂದ ಮೆಟ್ಟಿ ಹಿಡಿದಿದ್ದಳು. ಬಾಗಿಲಲ್ಲಿ ಯಾರೋ "ಆಚಾರ್ರು ಇದ್ದಾರಾ?" ಎಂದರು.

ಯಂತ್ರ ಈಗ ಅಟ್ಟದ ಮೇಲಿಲ್ಲ. ಅಪ್ಪನ ಮಂಚದ ಕೆಳಗೆ ಹಳೆಯ ಬೈರಿಗೆಯ ಪಕ್ಕದಲ್ಲಿದೆ. ಕಪಾಟಿನಲ್ಲಿ ಒಟ್ಟು ನಾಲ್ಕು ತೂತುಗಳು. ಮೇಲಿನ ಎರಡು ನನ್ನವು, ಕೆಳಗಿನ ಎರಡು ಅಪ್ಪನವು. ಕಪಾಟು ಎಡಕ್ಕೆ ಕೊಂಚ ವಾಲಿದೆ. ಅದು ಯಾವ ತೂತಿನ ದೋಷವೆಂದು ಓದುಗರಿಗೆ ಬಿಡಿಸಿ ಹೇಳಿ ಇನ್ನಷ್ಟು ಕೊರೆಯುವುದಿಲ್ಲ.