ಹೆಸರಿನ ಮೇಲೆ ಎಳೆದ ಗೆರೆ

ಹಳ್ಳಿಯ ತಾಯಿತಂದೆಗಳಿಗೆ ವಿದ್ಯೆಯ ಬೆಲೆ ತಿಳಿಯದು, ಆದಕಾರಣವೇ ಹೆಣ್ಣುಮಕ್ಕಳನ್ನು ಶಾಲೆ ಬಿಡಿಸುವರೆಂಬ ಮಾತು ಸಭೆಗಳಲ್ಲಿ ಪದೇ ಪದೇ ಕೇಳಿಬರುವುದುಂಟು. ಮೂವತ್ತು ವರ್ಷಕ್ಕೂ ಮಿಕ್ಕಿ ಉಪಾಧ್ಯಾಯನಾಗಿದ್ದ ನಾನೂ ಮೊದಲು ಹಾಗೆಂದೇ ನಂಬಿದ್ದೆನು. ಆ ನಂಬಿಕೆಯು ಅಳಿದ ಬಗೆಯನ್ನು ವಾಚಕರಲ್ಲಿ ಅರಿಕೆ ಮಾಡಿಕೊಳ್ಳುವೆನು.

1994ರ ಸಂಗತಿ. ಚನ್ನಗಿರಿಯು ಆಗ ಶಿವಮೊಗ್ಗ ಜಿಲ್ಲೆಗೆ ಸೇರಿತ್ತು. ಆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಏಳನೆಯ ತರಗತಿಗೆ ಪಾಠ ಹೇಳುತ್ತಿದ್ದೆನು. ಪಾಠಶಾಲೆಯಲ್ಲಿ ಕಲಿತ ಅಭ್ಯಾಸಬಲದಿಂದ, ಜನಕರಾಜನ ಸಭೆಯಲ್ಲಿ ಯಾಜ್ಞವಲ್ಕ್ಯರನ್ನು ಪ್ರಶ್ನಿಸಿದ ಗಾರ್ಗಿಯ ಕಥೆಯನ್ನು ಒಂದು ದಿನ ವಿಸ್ತಾರವಾಗಿ ಹೇಳಿದೆನು. "ಗಾರ್ಗಿ ಯಾವ ಶಾಲೆಗೆ ಹೋಗಿದ್ದಳು, ಸಾರ್?" ಎಂದು ಹುಡುಗಿಯೊಬ್ಬಳು ಕೇಳಿದಳು. ನಾನು ನಕ್ಕು ಸುಮ್ಮನಾದೆನು.

ಅಡಿಕೆಯ ಸುಗ್ಗಿ ಬಂದಿತು, ಹುಡುಗಿ ಬರಲಿಲ್ಲ. ಕೆಲಕಾಲ ಕಾದು, ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮೇಲೆ ಕೆಂಪು ಶಾಯಿಯ ಗೆರೆ ಎಳೆದೆನು. ಅವಳ ಮನೆಗೆ ಹೋದದ್ದು ಗೆರೆ ಎಳೆದ ಮೇಲೆ. ನನ್ನ ಅಪರಾಧವು ಇದೇ.

ಹುಡುಗಿಯ ಕಂಕುಳಲ್ಲಿ ವರ್ಷ ತುಂಬದ ತಮ್ಮನಿದ್ದನು. ನಾನು ವಿದ್ಯೆಯ ಮಹಿಮೆಯನ್ನು ಬಣ್ಣಿಸಿದೆನು. ತಾಯಿ ಎಲ್ಲವನ್ನೂ ಕೇಳಿ, "ಓದು ಬ್ಯಾಡ ಅಂತ ನಾನೆಲ್ಲಿ ಅಂದೆ, ಮೇಷ್ಟ್ರೇ? ನಾನು ಅಡಿಕೆ ಸುಲಿಯಾಕ್ ಹೋದ್ರೆ ಈ ಕೂಸನ್ನ ಯಾರು ಹಿಡೀಬೇಕು?" ಎಂದಳು. ಉಪನಿಷತ್ತನ್ನೋದಿದ ನನ್ನಲ್ಲಿ ಉತ್ತರವಿರಲಿಲ್ಲ. ಹುಡುಗಿ ಶಾಲೆಗೆ ಮರಳಲಿಲ್ಲ.

ಮುಂದೆ ಎಲ್ಲಿಗೆ ವರ್ಗವಾದರೂ ಆ ಪ್ರಶ್ನೆಯೇ ಎದುರಾಯಿತು. ಬರದ ನಾಡಾದ ಜಗಳೂರಿನಲ್ಲಿಯೂ, ಹೊನ್ನಾಳಿಯಲ್ಲಿಯೂ, ಅದರಿಂದ 2018ರಲ್ಲಿ ಬೇರೆ ತಾಲ್ಲೂಕಾದ ನ್ಯಾಮತಿಯ ತಾಂಡಾಗಳಲ್ಲಿಯೂ ಕುಟುಂಬಗಳು ಕಬ್ಬು ಕಡಿಯಲು, ಕಾಫಿ ತೋಟಗಳ ಕೂಲಿಗೆ ಗುಳೆ ಹೋಗುವುವು. ಗಂಡುಮಗನನ್ನು ಅಜ್ಜಿಯ ಬಳಿ ಬಿಡುವರು. ಕೂಸನ್ನೆತ್ತಿಕೊಳ್ಳಲು ಹಿರಿಯ ಮಗಳು ಜೊತೆಗೆ ಹೊರಡುವಳು.

ಸರಕಾರವು ಸುಮ್ಮನಿರಲಿಲ್ಲ. 2006-07ರಲ್ಲಿ ಎಂಟನೆಯ ತರಗತಿಯ ಹೆಣ್ಣುಮಕ್ಕಳಿಗೆ ಬೈಸಿಕಲ್ಲು ಕೊಡಲಾರಂಭಿಸಿತು. 2023ರ ಜೂನ್ 11ರಿಂದ ಸ್ತ್ರೀಯರಿಗೆ ಬಸ್ಸಿನ ಪ್ರಯಾಣವು ಉಚಿತವಾಯಿತು. ಇವುಗಳಿಂದ ಶಾಲೆಯ ದಾರಿ ಹತ್ತಿರವಾಯಿತು; ಮನೆಯ ಭಾರ ಇಳಿಯಲಿಲ್ಲ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣದ ಹಕ್ಕಿನ ಕಾಯಿದೆಯು 6ರಿಂದ 14 ವಯಸ್ಸಿನವರಿಗೆ. ವಿವಾಹಕ್ಕೆ ಕಾಯಿದೆ ವಿಧಿಸಿದ ವಯಸ್ಸು 18. ನಡುವಣ ನಾಲ್ಕು ವರ್ಷ ಹುಡುಗಿಯು ಮನೆಯವರ ಅನುಕೂಲಕ್ಕೆ ಬಿಟ್ಟವಳು.

ಉದ್ಯೋಗ ಖಾತ್ರಿಯ ಕೂಲಿಗೆ ಹೋಗುವ ತಾಯಂದಿರ ಶಿಶುಗಳಿಗಾಗಿ 2023-24ರಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ "ಕೂಸಿನ ಮನೆ"ಗಳನ್ನು ತೆರೆಯಲು ಸರಕಾರವು ಯೋಜಿಸಿತು. ಆ ಹೆಸರನ್ನು ಓದಿದ ದಿನ ಆ ತಾಯಿ ನೆನಪಾದಳು. ಅವಳ ಪ್ರಶ್ನೆಗೆ ಮೂವತ್ತು ವರ್ಷ ತಡವಾಗಿ ಬಂದ ಉತ್ತರವದು. ಆದರೆ ಅಡಿಕೆ ಸುಲಿಯುವ ಅಂಗಳವು ಪಂಚಾಯಿತಿಯದಲ್ಲ, ನಮ್ಮ ನಿಮ್ಮಂಥವರದು. ಆದುದರಿಂದ ಈ ಸುಗ್ಗಿಯಲ್ಲಿ ತಮ್ಮ ಅಂಗಳಕ್ಕೆ ಬರುವ ತಾಯಿಯನ್ನು, "ಕೂಸನ್ನು ಯಾರ ಬಳಿ ಬಿಟ್ಟು ಬಂದೆಯಮ್ಮಾ?" ಎಂದು ಕೇಳಿರಿ, ಅದಕ್ಕೊಂದು ತೊಟ್ಟಿಲನ್ನು ಕಟ್ಟಿಕೊಡಿರಿ. ನಾನು ಕೇಳಬೇಕಾದ ಕಾಲಕ್ಕೆ ಕೇಳಲಿಲ್ಲ.