ಟೋಪಿಯ ಬಿಳಿ

ಪ್ಯಾರಿಸ್ಸಿನ ಲೂವ್ರ್, ರಿಶಲ್ಯೂ ಭಾಗದ ಎರಡನೇ ಮಹಡಿ. ಮ್ಯೂಸಿಯಮ್ಮಿನವರೇ ಕೊಟ್ಟ ಈಸಲ್ ನಿಲ್ಲಿಸಿ ತಲೆ ಎತ್ತುತ್ತೇನೆ. ಎದುರಿಗೆ ರೆಂಬ್ರಾಂಟ್, 1660ರ ಸ್ವಚಿತ್ರ. 1656ರಲ್ಲಿ ದಿವಾಳಿಯೆದ್ದು, ಆಮೇಲೆ ಮನೆಯನ್ನೂ ಕಳೆದುಕೊಂಡವನು. ತಲೆಗೆ ಬಿಳಿ ಟೋಪಿ, ಕೈಯಲ್ಲಿ ಪ್ಯಾಲೆಟ್ಟು. ಕೆಲಸದ ನಡುವೆ ತಲೆಯೆತ್ತಿ ನೋಡಿದ ಹಾಗಿದೆ.

ಲೂವ್ರ್ 1793ರಲ್ಲಿ ಜನರಿಗೆ ತೆರೆದಾಗಿನಿಂದಲೂ ಇಲ್ಲಿ ನಕಲು ಮಾಡುವವರಿಗೆ ಜಾಗವಿದೆ. ಕಟ್ಟಳೆಗಳೂ ಇವೆ: ಸಹಿ ನಕಲಿಸುವಂತಿಲ್ಲ, ಅಳತೆ ಮೂಲದ್ದೇ ಇರುವಂತಿಲ್ಲ, ಐದನೇ ಒಂದು ಪಾಲಾದರೂ ಹೆಚ್ಚುಕಡಿಮೆ ಆಗಬೇಕು. ಮೂಲದ ಎತ್ತರ ಸುಮಾರು 111 ಸೆಂಟಿಮೀಟರ್. ನನ್ನದು 85.

ಇದು ಮೂರನೇ ವಾರ. ಮೊದಲ ವಾರ ಟೋಪಿಗೆ ಟ್ಯೂಬಿನ ಬಿಳಿಯನ್ನು ಹಾಗೇ ಬಳಿದಿದ್ದೆ. ಸುಣ್ಣದ ಗೋಡೆಯಾಯಿತು, ಅದರ ಕೆಳಗೆ ಮುಖ ಮಂಕಾಯಿತು. ಕೆರೆದು ತೆಗೆದೆ. ಇವತ್ತು ಕಣ್ಣು ಕಿರಿದು ಮಾಡಿ ನೋಡುತ್ತೇನೆ. ಅವನ ಟೋಪಿಯಲ್ಲಿ ಬಿಳಿ ಇರುವುದೇ ಒಂದಿಷ್ಟು ಕಡೆ, ಬೆಳಕು ನೇರ ಬಿದ್ದಲ್ಲಿ. ಉಳಿದದ್ದೆಲ್ಲ ಹಳದಿ ಮಣ್ಣು, ಬೂದಿ, ಕಂದು. ಬಿಳಿಗೆ ಓಕರ್ ಬೆರೆಸುತ್ತೇನೆ, ಚೂರು ಕಪ್ಪು, ಮತ್ತೆ ಓಕರ್. ಒಂದು ಪಟ್ಟು ಇಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿಯುತ್ತೇನೆ. ಹಣೆ ಮುಂದೆ ಬಂತು! ಹಣೆಯನ್ನು ನಾನು ಮುಟ್ಟಿಯೇ ಇರಲಿಲ್ಲ.

ಪಕ್ಕಕ್ಕೆ ಹೋಗಿ ಓರೆಯಾಗಿ ನೋಡಿದರೆ ಇನ್ನೊಂದು ಕಾಣುತ್ತದೆ. ಬೆಳಕಿರುವಲ್ಲಿ ಬಣ್ಣ ಬೆಣ್ಣೆಯಷ್ಟು ದಪ್ಪ, ಕುಂಚದ ಗೀರುಗಳು ಎದ್ದು ನಿಂತಿವೆ. ನೆರಳಿನಲ್ಲಿ ತೆಳು, ತೀರಾ ತೆಳು. ಪುಸ್ತಕದ ಚಿತ್ರ ನೋಡಿ ನಕಲು ಮಾಡಿದ ವರ್ಷಗಳಲ್ಲಿ ನನಗಿದು ತಿಳಿದೇ ಇರಲಿಲ್ಲ. ಅಚ್ಚಿನ ಹಾಳೆಗೆ ದಪ್ಪವೆಂಬುದಿಲ್ಲವಲ್ಲ.

ಬೆನ್ನ ಹಿಂದೆ ಶಾಲೆಯ ಮಕ್ಕಳ ಹಿಂಡು. ಹುಡುಗಿಯೊಬ್ಬಳು ಅವನನ್ನೂ ನನ್ನ ಕ್ಯಾನ್ವಾಸನ್ನೂ ಒಂದೊಂದಾಗಿ ನೋಡುತ್ತಾಳೆ. ಅವಳ ನೋಟ ನನ್ನ ಚಿತ್ರದ ಕೈಯ ಮೇಲೆ ನಿಲ್ಲುತ್ತದೆ. ನಾನೂ ನೋಡುತ್ತೇನೆ. ಎರಡು ದಿನ ಕೂತು ಒಂದೊಂದು ಬೆರಳನ್ನೂ ತಿದ್ದಿದ್ದೇನೆ, ಉಗುರು ಸಮೇತ. ಅವನ ಕೈಗಳೋ, ನಾಲ್ಕಾರು ಒರಟು ಎಳೆತ, ಅಷ್ಟೇ. ಮುಖದಿಂದ ನಮ್ಮ ಕಣ್ಣು ಕದಲದಿರಲೆಂದು ಅಲ್ಲಿಗೇ ಬಿಟ್ಟುಬಿಟ್ಟಿದ್ದಾನೆ.

ಒಂದೂವರೆಗೆ ನಮ್ಮ ಹೊತ್ತು ಮುಗಿಯುತ್ತದೆ. ಇನ್ನು ಹತ್ತು ನಿಮಿಷ. ಬಟ್ಟೆಯ ತುದಿಯನ್ನು ಟರ್ಪೆಂಟೈನಿನಲ್ಲಿ ಅದ್ದಿ ನನ್ನ ಚಿತ್ರದ ಕೈಯನ್ನು, ಹೆಬ್ಬೆರಳಿನ ಉಗುರಿನಿಂದಲೇ ಶುರುಮಾಡಿ, ಒರೆಸತೊಡಗುತ್ತೇನೆ.