ಲುಸರ್ನ್‌ನಲ್ಲೊಂದು ಶನಿವಾರ

ಜ್ಯೂರಿಕ್‌ನಿಂದ ಲುಸರ್ನ್‌ಗೆ ರೈಲಿನಲ್ಲಿ ಒಂದು ಗಂಟೆಯೂ ಬೇಡ. ಆನ್‌ಸೈಟ್ ಅಂತ ಬಂದು ಎರಡು ವರ್ಷವಾದರೂ 'ಹತ್ರಾನೇ ಇದ್ಯಲ್ಲ, ಯಾವಾಗ್ಲಾದ್ರೂ ಹೋದ್ರಾಯ್ತು' ಅಂತ ಮುಂದೂಡುತ್ತಲೇ ಇದ್ದೆವು, ಬೆಂಗಳೂರಿನಲ್ಲೇ ಇದ್ದು ನಂದಿಬೆಟ್ಟ ನೋಡದವರ ಹಾಗೆ. ಕೊನೆಗೆ ಜೂನ್ ತಿಂಗಳ ಒಂದು ಶನಿವಾರ ಹೊರಟೇಬಿಟ್ಟೆವು. ನಾನು, ಧಾರವಾಡದ ಗೆಳತಿ, ಅವಳ ಗಂಡ ಮತ್ತು ನನ್ನ ರೂಮ್‌ಮೇಟ್. ಅವನ ಊರು ಹಾಸನ, ನಾವು ಅವನನ್ನು ಕರೆಯೋದೂ 'ಹಾಸನ' ಅಂತಲೇ.

ಹೊರಡೋಕೆ ಕಾರಣವೂ ಅವನೇ. ಇನ್ನೆರಡು ವರ್ಷ ಇಲ್ಲೇ ಮುಂದುವರೀತೀಯಾ ಅಂತ ಪ್ರಾಜೆಕ್ಟ್‌ನವರು ಕೇಳಿದ್ದರು, ಸೋಮವಾರ ಉತ್ತರ ಕೊಡಬೇಕಿತ್ತು. ಊರಲ್ಲಿ ಅಪ್ಪನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ ಅಮ್ಮ ಒಬ್ಬರೇ. ಆ ಖರ್ಚಿಗೂ ಮನೆ ಸಾಲಕ್ಕೂ ಹೋಗೋದು ಇಲ್ಲಿನ ಸಂಬಳವೇ. 'ರೂಮಲ್ಲಿ ಕೂತ್ರೆ ತಲೆ ಕೆಡುತ್ತೆ, ಎಲ್ಲಾದ್ರೂ ಹೋಗೋಣ ಮಗಾ' ಅಂದಿದ್ದ.

ಲುಸರ್ನ್ ಸ್ಟೇಷನ್ ಬಾಗಿಲು ದಾಟಿದರೆ ಎದುರಿಗೇ ಸರೋವರ, ಹಿಂದಕ್ಕೆ ತಿರುಗಿದರೆ ಪಿಲಾಟಸ್ ಬೆಟ್ಟ. ಎರಡು ಸಾವಿರ ಮೀಟರ್‌ಗೂ ಎತ್ತರ, ಅಂದರೆ ನಮ್ಮ ಮುಳ್ಳಯ್ಯನಗಿರಿಗಿಂತ ಸ್ವಲ್ಪ ಜಾಸ್ತಿ. ರಾಯ್ಸ್ ನದಿ ಸರೋವರದಿಂದ ಹೊರಬೀಳೋದು ಇಲ್ಲೇ, ಊರಿನ ಮಧ್ಯದಲ್ಲಿ. ಅದರ ಮೇಲೆ ಓರೆಯಾಗಿ ಹಾದುಹೋಗುವ ಮರದ ಸೇತುವೆಯೇ ಎಲ್ಲರ ಫೋಟೋಗಳಲ್ಲಿ ಕಾಣುವ ಚಾಪೆಲ್ ಬ್ರಿಜ್. 14ನೇ ಶತಮಾನದ್ದು. 1993ರ ಆಗಸ್ಟ್‌ನಲ್ಲಿ ಒಂದು ರಾತ್ರಿ ಬೆಂಕಿ ಬಿದ್ದು ಬಹುಪಾಲು ಸುಟ್ಟುಹೋಯಿತು. ಮುಂದಿನ ವರ್ಷವೇ ಮತ್ತೆ ಕಟ್ಟಿ ಜನರಿಗೆ ಬಿಟ್ಟರು. ಮಾಡಿನ ಕೆಳಗೆ ತ್ರಿಕೋನಾಕಾರದ ಹಲಗೆಗಳ ಮೇಲೆ 17ನೇ ಶತಮಾನದ ಚಿತ್ರಗಳಿದ್ದವು, ಬೆಂಕಿಯಲ್ಲಿ ಹೆಚ್ಚಿನವು ಹಾಳಾದವು. ಕತ್ತೆತ್ತಿ ನಡೆಯುತ್ತಾ ಹೋದರೆ ಒಂದಷ್ಟು ದೂರ ಚಿತ್ರ, ಆಮೇಲೆ ಬರೀ ಖಾಲಿ ಜಾಗ.

ಅಲ್ಲಿಂದ ನಡೆದೇ ಸಿಂಹ ನೋಡೋಕೆ ಹೋದೆವು. ಫೋಟೋದಲ್ಲಿ ನೋಡಿದ್ದೆ, ವಿಶೇಷ ಅನ್ನಿಸಿರಲಿಲ್ಲ. ಎದುರು ನಿಂತಾಗಲೇ ಗೊತ್ತಾಗೋದು. ಬಂಡೆಯನ್ನೇ ಕೊರೆದು ಮಾಡಿದ, ಹತ್ತು ಮೀಟರ್ ಉದ್ದದ, ಸಾಯುತ್ತಿರುವ ಸಿಂಹ. ಪಕ್ಕೆಯಲ್ಲಿ ಮುರಿದ ಈಟಿ. ಪಂಜದ ಕೆಳಗಿನ ಗುರಾಣಿ ಫ್ರಾನ್ಸ್ ದೊರೆಯದು, ಸ್ವಿಸ್ ಗುರಾಣಿ ಪಕ್ಕಕ್ಕಿದೆ.

ಧಾರವಾಡದವಳು ಕತೆ ಓದಿಕೊಂಡು ಬಂದಿದ್ದಳು. ಈಗ ಇಷ್ಟು ಶ್ರೀಮಂತವಾಗಿರುವ ಈ ದೇಶದಲ್ಲಿ ಹಿಂದೆ ಬೆಟ್ಟದ ಭೂಮಿ ಹೊಟ್ಟೆಗೆ ಸಾಲುತ್ತಿರಲಿಲ್ಲ. ಹುಡುಗರು ಶತಮಾನಗಟ್ಟಲೆ ಸಂಬಳಕ್ಕಾಗಿ ಪರದೇಶದ ದೊರೆಗಳ ಸೈನ್ಯ ಸೇರುತ್ತಿದ್ದರು. 1792ರ ಆಗಸ್ಟ್ 10ರಂದು ಪ್ಯಾರಿಸ್‌ನ ತುಯಿಲರಿ ಅರಮನೆಗೆ ಕ್ರಾಂತಿಕಾರರು ನುಗ್ಗಿದಾಗ ಕಾವಲಿಗಿದ್ದ ನೂರಾರು ಸ್ವಿಸ್ ಸೈನಿಕರು ಸತ್ತರು. ಹೊಡೆದಾಟ ಶುರುವಾಗುವ ಹೊತ್ತಿಗೆ ದೊರೆ ಹದಿನಾರನೇ ಲೂಯಿ ಅರಮನೆ ಬಿಟ್ಟು ಹೋಗಿಯಾಗಿತ್ತು. ಆ ಪಡೆಯ ಒಬ್ಬ ಅಧಿಕಾರಿ, ಕಾರ್ಲ್ ಫೈಫರ್, ಅವತ್ತು ರಜೆಯಲ್ಲಿ ಲುಸರ್ನ್‌ನ ತನ್ನ ಮನೆಯಲ್ಲಿದ್ದ. ಜೊತೆಗಾರರ ನೆನಪಿಗೆ ಅವನೇ ಮುಂದೆ ನಿಂತು ಈ ಸಿಂಹ ಮಾಡಿಸಿದ. ವಿನ್ಯಾಸ ಡೆನ್ಮಾರ್ಕ್‌ನ ಶಿಲ್ಪಿ ಥೋರ್ವಾಲ್ಡ್‌ಸೆನ್‌ನದು, ಮುಗಿದದ್ದು 1821ರಲ್ಲಿ.

'ನೋಡಪಾ, ರಜಾ ಹಾಕಿದ್ದಕ್ಕ ಉಳಕೊಂಡ ಅಂವ' ಅಂದಳು. ಎಲ್ಲರೂ ನಕ್ಕೆವು.

'ಇವ್ರೂ ಆನ್‌ಸೈಟೇ ಅಲ್ವಾ ಮಗಾ' ಅಂದ ಹಾಸನ. ಅದಕ್ಕೆ ಯಾರೂ ನಗಲಿಲ್ಲ. ಅವನು ಕೊಳದ ಎದುರಿನ ಬೆಂಚಿನಲ್ಲಿ ಕೂತವನು ಅರ್ಧ ಗಂಟೆ ಏಳಲಿಲ್ಲ. ಎರಡು ಟೂರಿಸ್ಟ್ ಬಸ್ಸಿನ ಜನ ಬಂದು ಸೆಲ್ಫಿ ತೆಗೆದುಕೊಂಡು ಹೋದರು.

'ನಾಸ್ಟಾಲ್ಜಿಯಾ' ಅನ್ನೋ ಪದ ಹುಟ್ಟಿದ್ದೂ ಈ ದೇಶದಲ್ಲೇ. ಬಾಸೆಲ್‌ನಲ್ಲಿ ವೈದ್ಯಕೀಯ ಓದುತ್ತಿದ್ದ ಯೋಹಾನೆಸ್ ಹೋಫರ್ 1688ರಲ್ಲಿ, ದೂರದ ಊರಿಗೆ ಹೋದ ಸ್ವಿಸ್ ಜನ ಮನೆಯ ನೆನಪಲ್ಲಿ ಕೊರಗಿ ಕಾಯಿಲೆ ಬೀಳುವುದಕ್ಕೆ ಆ ಹೆಸರಿಟ್ಟ. ಇದು ನನಗೆ ಮೊದಲೇ ಗೊತ್ತಿತ್ತು. ಅವತ್ತು ಅವನಿಗೆ ಹೇಳಲಿಲ್ಲ.

ಮಧ್ಯಾಹ್ನ ಸರೋವರದ ದಂಡೆಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಮೊಸರು. ಇಲ್ಲಿ ಹೋಟೆಲ್ ಊಟದ ಬಿಲ್ ರೂಪಾಯಿಗೆ ಲೆಕ್ಕ ಹಾಕಿದರೆ ತಿಂದದ್ದು ದಕ್ಕೋದಿಲ್ಲ. ಹೋಗುವವರಿಗೆ ಇನ್ನೆರಡು ಮಾತು: ಹಾಫ್ ಫೇರ್ ಕಾರ್ಡ್ ಇದ್ದರೆ ರೈಲಿಗೂ ಸರೋವರದ ಬೋಟಿಗೂ ಅರ್ಧ ದರ. ನೀರು ಕೊಳ್ಳಬೇಡಿ, ಬೀದಿ ಕಾರಂಜಿಯಲ್ಲೇ ಬಾಟಲಿ ತುಂಬಿಸಿಕೊಳ್ಳಿ.

ಆಮೇಲೆ ಹತ್ತಿದ್ದು ಊರಿನ ಹಳೇ ಕೋಟೆಗೋಡೆ, ಮುಸೆಗ್. ಅದರ ಒಂಬತ್ತು ಗೋಪುರಗಳಲ್ಲಿ ಒಂದರಲ್ಲಿ 1535ರ ಗಡಿಯಾರ ಇದೆ. ಊರಲ್ಲೇ ಹಳೆಯದು ಅನ್ನೋ ಮರ್ಯಾದೆಗೆ, ಉಳಿದ ಗಡಿಯಾರಗಳಿಗಿಂತ ಒಂದು ನಿಮಿಷ ಮುಂಚೆ ಗಂಟೆ ಹೊಡೆಯುವ ಹಕ್ಕು ಅದಕ್ಕೆ. ಮೊಬೈಲ್‌ನಲ್ಲಿ 2:59 ಆಗೋದನ್ನೇ ಕಾಯುತ್ತಿದ್ದೆವು. ಅಷ್ಟರಲ್ಲಿ ಹಾಸನ ಮನೆಗೆ ವಿಡಿಯೋ ಕಾಲ್ ಮಾಡಿದ. ಅಲ್ಲಿ ಸಂಜೆ ಆರೂವರೆ, ಅಪ್ಪನನ್ನು ಆಸ್ಪತ್ರೆಯಿಂದ ಆಗಷ್ಟೇ ಕರ್ಕೊಂಡು ಬಂದಿದ್ದರು. ಗಂಟೆ ಢಣ್ ಅಂತು.

'ಯಾವ ದೇವಸ್ಥಾನಕ್ಕೆ ಹೋಗಿದ್ಯೋ?' ಅಂದರು ಅಮ್ಮ.

'ದೇವಸ್ಥಾನ ಅಲ್ಲ ಕಣಮ್ಮ, ಗಡಿಯಾರ.'

'ಆಯ್ತು, ಕೈ ಮುಗಿ. ಅಪ್ಪ ಮಲಗಿದ್ದಾರೆ, ಎಬ್ಬಿಸಲಾ?'

ಬೇಡ ಅಂದ. ಒಂದು ನಿಮಿಷಕ್ಕೆ ಊರಿನ ಮಿಕ್ಕ ಗಂಟೆಗಳೆಲ್ಲ ಒಟ್ಟಿಗೆ ಹೊಡೆದುಕೊಂಡವು. ಫೋನ್ ಇಟ್ಟಮೇಲೂ ಅವನು ಗೋಡೆಗೆ ಒರಗಿ ಕೆಳಗಿನ ನೀರನ್ನೇ ನೋಡುತ್ತಿದ್ದ.

ಸಂಜೆ ಒಂದು ಸುತ್ತು ಬೋಟು, ಆಮೇಲೆ ಜ್ಯೂರಿಕ್ ರೈಲು. ಗಂಡ ಹೆಂಡತಿ ಇಬ್ಬರೂ ನಿದ್ದೆಗೆ ಜಾರಿದ್ದರು. ಹಾಸನ ಮೊಬೈಲ್‌ನಲ್ಲಿ ಕಂಪನಿಯ ಲೀವ್ ಪೇಜ್ ತೆರೆದು, ಹೊರಡುವ ದಿನಾಂಕ ಹಾಕಿದ. ವಾಪಸ್ ಬರುವ ದಿನಾಂಕದ ಹತ್ತಿರ ಬೆರಳು ಬಹಳ ಹೊತ್ತು ನಿಂತಿತು. ನಾನು ಕಿಟಕಿ ಕಡೆ ತಿರುಗಿ ಕೂತೆ.